ಬಾಗಿಲು ತೆಗೆದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಒಂದು ವರದಿಯಲ್ಲಿ ಬರೆದಿದ್ದೇನೆ, ತಪ್ಪಿಲ್ಲದ ಇಂಗ್ಲಿಷಿನಲ್ಲಿ, ಕೆಳಗೆ ನನ್ನ ಸಹಿ ಹಾಕಿ. ಅಷ್ಟು ಸಾಕು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಹೋದ ತಿಂಗಳು ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು. ಸುತ್ತ ಹೂವಿನ ಚೌಕಟ್ಟು, ಅಡಿಯಲ್ಲಿ ತಮಿಳಿನಲ್ಲಿ ಎರಡು ಸಾಲು ಕಣ್ಣೀರು, ಅದರ ಕೆಳಗೆ ಒಂದರ ಹಿಂದೊಂದು ಮುಗಿದ ಕೈಗಳು. ನಾನೂ ಒಂದು ಜೋಡಿ ಕೈ ಒತ್ತಿ ಕಳಿಸಿದೆ. ಆ ಮನುಷ್ಯನಿಗೆ ನಾನು ಮುಗಿಯಬೇಕಾಗಿದ್ದ ಕೈ ಇಷ್ಟು ಸುಲಭದ್ದಾಗಿರಲಿಲ್ಲ.

ಸೇಲಂ ಊರಿನ ಅಂಚಿನಲ್ಲಿ, ಏರ್ಕಾಡ್ ಬಸ್ಸುಗಳು ಘಾಟಿ ಹತ್ತುವುದಕ್ಕೆ ಮುಂಚೆ, ನೆಲ ಅಗೆದರೆ ಬಿಳಿ ಕಲ್ಲು ಸಿಗುವ ಕಡೆ ಇತ್ತು ಆ ಕಾರ್ಖಾನೆ. ಕಲ್ಲನ್ನು ಸುಟ್ಟು, ಪುಡಿ ಮಾಡಿ, ಅಚ್ಚಿನಲ್ಲಿ ಒತ್ತಿ, ಮತ್ತೆ ಸುಟ್ಟು ಇಟ್ಟಿಗೆ ಮಾಡುತ್ತಿದ್ದರು. ಮನೆ ಕಟ್ಟುವ ಇಟ್ಟಿಗೆಯಲ್ಲ, ಉಕ್ಕು ಕರಗಿಸುವ ಕುಲುಮೆಗಳ ಒಳಗೋಡೆಗೆ ಹಾಕುವಂಥದ್ದು. ಅದನ್ನು ಸುಡುವ ಗೂಡಿಗೆ ಮೇಸ್ತ್ರಿ ಯಜಮಾನ. ನಾನು ಇಂಜಿನಿಯರಿಂಗ್ ಮುಗಿಸಿ ಅಲ್ಲಿಗೆ ಬಂದ ಹೊಸ ಅಧಿಕಾರಿ, ಗೂಡಿನ ವಿಭಾಗಕ್ಕೆ ಕಾಲಿಟ್ಟ ಮೊದಲ ಹೆಣ್ಣು. ನನ್ನ ಹೆಲ್ಮೆಟ್ಟಿನ ಮೇಲೆ ನನ್ನ ಹೆಸರು ಅಂಟಿಸುವುದಕ್ಕೂ ಮುಂಚೆ, ಈ ಹುಡುಗಿ ಎಷ್ಟು ದಿನ ತಡೆಯುತ್ತಾಳೆ ಅನ್ನುವ ಮಾತು ಕ್ಯಾಂಟೀನಿನಲ್ಲಿ ಓಡಾಡುತ್ತಿತ್ತು.

ಗೂಡು ಅಂದರೆ ಕಮಾನು ಚಾವಣಿಯ ಒಂದು ದೊಡ್ಡ ಕೋಣೆ. ಒಳಗೆ ಹಸಿ ಇಟ್ಟಿಗೆಗಳನ್ನು ಆಳೆತ್ತರಕ್ಕೂ ಮೇಲೆ ಒತ್ತಾಗಿ ಪೇರಿಸಿ, ಬಾಗಿಲಿಗೇ ಇಟ್ಟಿಗೆ ಕಟ್ಟಿ, ಮಣ್ಣು ಮೆತ್ತಿ ಮುಚ್ಚುತ್ತಾರೆ. ಐದು ದಿನ ಉರಿ. ಉರಿ ನಿಲ್ಲಿಸಿದ ಮೇಲೆ ಏಳು ದಿನ ಸುಮ್ಮನೆ ಕಾಯುವುದು. ಹೊಸಬಳಾದ ನನಗೆ ಈ ಕಾಯುವ ಏಳು ದಿನ ಶುದ್ಧ ಸೋಮಾರಿತನವಾಗಿ ಕಾಣುತ್ತಿತ್ತು. ಮೇಸ್ತ್ರಿ ಆ ಏಳೂ ದಿನ ಗೂಡಿನ ಸುತ್ತ ತಿರುಗುತ್ತಾ, ಗೋಡೆಗೆ ಕೈ ಒತ್ತಿ ಒತ್ತಿ ನೋಡುತ್ತಿದ್ದರು. ಅಂಗೈ ಅಲ್ಲ, ಹಿಂಗೈ. ಯಾಕೆ ಅಂತ ಕೇಳಿದ್ದಕ್ಕೆ, ಅಂಗೈ ಸತ್ತು ಎಷ್ಟೋ ವರ್ಷವಾಯಿತು, ಹಿಂಗೈಗೆ ಇನ್ನೂ ಸ್ವಲ್ಪ ಜೀವ ಇದೆ ಅಂದಿದ್ದರು.

ಮೊದಲ ವಾರವೇ ಅವರು ನನಗೊಂದು ಪಾಠ ಮಾಡಿದರು. ಉರಿ ನಿಲ್ಲಿಸಿದ ದಿನ ಗೋಡೆಯ ಒಂದು ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿ ಕೈ ಇಡಿಸಿದರು. ಮಾರನೆಯ ದಿನ ಅದೇ ಜಾಗದಲ್ಲಿ ಮತ್ತೆ ಇಡಿಸಿದರು. ಹಿಂದಿನ ದಿನಕ್ಕಿಂತ ಹೆಚ್ಚು ಸುಟ್ಟಿತು. ನಾನು ಕೈ ಕೊಡವಿಕೊಂಡೆ. ಒಳಗೆ ಬೆಂಕಿ ಆರಿ ಇಪ್ಪತ್ತನಾಲ್ಕು ಗಂಟೆಯಾದ ಮೇಲೆ ಗೋಡೆಯ ಬಿಸಿ ಯಾಕೆ ಏರುತ್ತಿದೆ?

"ಬಿಸಿಗೂ ಕಾಲೈತೆ ಅಮ್ಮಣ್ಣಿ," ಅಂದರು. "ಆದ್ರೆ ಓಡಾಕಿಲ್ಲ, ನಡ್ಕೊಂಡೇ ಬರ್ತೈತೆ. ಮೊನ್ನೆ ವಳಗಿಂದ ಬಿಟ್ಟಿದ್ದು ಇವತ್ತು ನಿನ್ ಕೈಗೆ ಬಂದು ಸೇರೈತೆ."

ಈ ಸಂಗತಿಗೆ ಸಂಬಂಧಪಟ್ಟ ಸಮೀಕರಣವನ್ನು ನಾನು ಕಾಲೇಜಿನಲ್ಲಿ ಬಿಡಿಸಿದ್ದೆ. ದಪ್ಪ ಎರಡರಷ್ಟಾದರೆ ಬಿಸಿ ದಾಟುವುದಕ್ಕೆ ನಾಲ್ಕರಷ್ಟು ಹೊತ್ತು ಬೇಕು, ಮೂರರಷ್ಟಾದರೆ ಒಂಬತ್ತರಷ್ಟು ಅಂತ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಕೈ ಸುಟ್ಟುಕೊಂಡಿರಲಿಲ್ಲ, ಅಷ್ಟೇ. ಅವರು ಆ ಲೆಕ್ಕ ಕಲಿಯದೆಯೇ ಊರಿನ ಮನೆಗೆ ಹಂಚು ಹೊದಿಸಿಕೊಂಡಿದ್ದರು. ಪಕ್ಕದವರೆಲ್ಲ ಆರ್‌ಸಿಸಿ ಹಾಕಿಸಿ ಇವರನ್ನು ಆಡಿಕೊಂಡರೆ, ನಿಮ್ಮ ಚಾವಣಿ ಹಗಲೆಲ್ಲ ಬಿಸಿಲು ಕುಡಿದು ಉಣ್ಣುವ ಹೊತ್ತಿಗೆ ಸರಿಯಾಗಿ ನಿಮ್ಮ ತಲೆ ಮೇಲೆ ಕಕ್ಕುತ್ತದೆ, ನನಗೆ ಬೇಡಪ್ಪ ಅನ್ನುತ್ತಿದ್ದರಂತೆ. ಇನ್ನೊಂದು ತಮಾಷೆ. ಇಷ್ಟು ವರ್ಷ ಬೆಂಕಿಯ ಜೊತೆ ಬದುಕಿದ ಮನುಷ್ಯನಿಗೆ ಬಿಸಿ ಕಾಫಿ ಆಗುತ್ತಿರಲಿಲ್ಲ. ಲೋಟದ ಮುಂದೆ ಕೂತು ಆರುವವರೆಗೂ ಕಾಯುತ್ತಿದ್ದರು. ಹುಡುಗರು ಗೇಲಿ ಮಾಡಿದರೆ, ಕಾಯುವುದೊಂದೇ ನಾನು ಕಲಿತ ವಿದ್ಯೆ ಅಂತ ನಗುತ್ತಿದ್ದರು.

ನನ್ನನ್ನು ಅಮ್ಮಣ್ಣಿ ಅನ್ನುತ್ತಿದ್ದರು ಅಂದೆನಲ್ಲ, ಅದು ನಾವಿಬ್ಬರೇ ಇದ್ದಾಗ ಮಾತ್ರ. ನಾಲ್ಕು ಜನರ ಮುಂದೆ ಮೇಡಂ, ಮಾತೆಲ್ಲ ತಮಿಳು. ಇದಕ್ಕೆ ಕಾರಣ ನಾನು. ನಮ್ಮದು ಗಡಿಯ ತಮಿಳು ಕಡೆಯ ಮಾರಂಡಹಳ್ಳಿ ಪಕ್ಕದ ಹಳ್ಳಿ, ಮನೆಮಾತು ಕನ್ನಡ. ಓದಿದ್ದೆಲ್ಲ ತಮಿಳು, ಆಮೇಲೆ ಇಂಗ್ಲಿಷ್. ಸೇಲಂ ಹಾಸ್ಟೆಲಿನಲ್ಲಿ, ಎರಡು ರಾಜ್ಯಗಳ ನದಿ ನೀರಿನ ಗಲಾಟೆ ಬಂದಾಗೆಲ್ಲ ಯಾರಾದರೂ ನನ್ನತ್ತ ತಿರುಗಿ, ನೀನು ಯಾವ ಕಡೆ ಅಂತ ಕೇಳುತ್ತಿದ್ದರು. ಅಂದಿನಿಂದ ಮನೆಮಾತನ್ನು ಮುಚ್ಚಿಟ್ಟುಕೊಳ್ಳುವುದು ಅಭ್ಯಾಸವಾಯಿತು. ಅದು ಅರ್ಧ ಸತ್ಯ. ಇನ್ನರ್ಧ ಏನೆಂದರೆ, ಕನ್ನಡ ನಮ್ಮನೆಯಲ್ಲಿ ದನಕ್ಕೆ, ಕಳೆ ಕೀಳುವುದಕ್ಕೆ, ಬೈಯುವುದಕ್ಕೆ ಇದ್ದ ಮಾತು. ಅಧಿಕಾರಿಯಾದವಳ ಬಾಯಲ್ಲಿ ಅದು ಬೇಡ ಅಂತ ನನಗೇ ಅನ್ನಿಸುತ್ತಿತ್ತು. ನಮ್ಮ ಅವ್ವನ ಮಾತಿಗೆ ನಾನು ನಾಚುತ್ತಿದ್ದೆ ಅಂತ ಬರೆಯುವಾಗ ಈಗಲೂ ಮುಖ ಬೆಚ್ಚಗಾಗುತ್ತದೆ.

ಸೇರಿದ ಎರಡನೆಯ ದಿನವೇ ಮಧ್ಯಾಹ್ನ ಗೂಡಿನ ಹಿಂದೆ ನಿಂತು ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಉಂಡ್ಯಾ, ಇಲ್ವಾ ಅನ್ನುವ ಅದೇ ಮಾತು. ತಿರುಗಿದರೆ ಮೇಸ್ತ್ರಿ. ಯಾವೂರವ್ವಾ ಅಂತ ಕನ್ನಡದಲ್ಲಿ ಕೇಳಿದರು. ಅವರದು ಕಾರಿಮಂಗಲಂ ಕಡೆಯ ಹಳ್ಳಿ. ನನ್ನ ಮುಖ ಬಿಳಿಚಿಕೊಂಡದ್ದನ್ನು ನೋಡಿರಬೇಕು, ಯಾರಿಗೂ ಹೇಳುವುದಿಲ್ಲ ಬಿಡು ಅಂದರು. ನಾನು ಕೇಳಿಕೊಂಡೇ ಇರಲಿಲ್ಲ. ಆಮೇಲೆ ಮೂರು ವರ್ಷ ಆ ಮಾತು ಅವರ ಬಾಯಿಂದ ಹೊರಗೆ ಹೋಗಲಿಲ್ಲ.

ಗೂಡಿನ ಬಾಗಿಲು ತೆಗೆಯುವುದಕ್ಕೆ ಅಲ್ಲಿ ಒಂದು ಕಟ್ಟುಪಾಡಿತ್ತು. ಬಾಗಿಲಿನ ಮೊದಲ ಇಟ್ಟಿಗೆಯನ್ನು ಮೇಸ್ತ್ರಿಯೇ ಕೀಳಬೇಕು, ಬೇರೆಯವರು ಮುಟ್ಟುವಂತಿಲ್ಲ. ಐದನೆಯ ದಿನ ಮೇಲಿನ ಒಂದು ವರಸೆ ಇಟ್ಟಿಗೆ, ಆರನೆಯ ದಿನ ಎರಡು, ಏಳನೆಯ ದಿನ ಉಳಿದದ್ದು. ಕಿತ್ತ ಮೇಲೆ ರಿಜಿಸ್ಟರಿನಲ್ಲಿ ಬರೆಯಬೇಕು. ಅದರಲ್ಲಿ ದಿನಾಂಕ, ಹೊತ್ತು, 'ಬಾಗಿಲು ತೆಗೆದವರು' ಅಂತ ಮೂರು ಕಾಲಂ. ತೆಗೆ ಅಂದವರು ಯಾರು ಅನ್ನುವುದಕ್ಕೆ ಕಾಲಂ ಇರಲಿಲ್ಲ. ಅದರ ಅಗತ್ಯ ಅಲ್ಲಿಯವರೆಗೆ ಬಂದಿರಲಿಲ್ಲ, ಯಾಕೆಂದರೆ ಮೇಸ್ತ್ರಿಗೆ ತೆಗೆ ಅನ್ನುವವರೇ ಇರಲಿಲ್ಲ.

ನನಗೋ ಏನಾದರೂ ಮಾಡಿ ತೋರಿಸುವ ಆತುರ. ಕಂಪ್ಯೂಟರಿನಲ್ಲಿ ಒಂದು ಲೆಕ್ಕ ಹಾಕಿದೆ. ಇಟ್ಟಿಗೆಯ ದಪ್ಪ ಇಷ್ಟು, ಅದರೊಳಗೆ ಬಿಸಿ ಹರಿಯುವ ವೇಗ ಇಷ್ಟು, ಹಾಗಾದರೆ ನಡುವಿನ ಬಿಸಿ ಹೊರಬರುವುದಕ್ಕೆ ಇಷ್ಟು ಗಂಟೆ. ಏಳು ದಿನ ಬೇಕಾಗಿಲ್ಲ, ನಾಲ್ಕು ಸಾಕು ಅಂತ ಬಂತು. ಮ್ಯಾನೇಜರರಿಗೆ ತೋರಿಸಿದೆ. ಅವರು ತಮಿಳಿನವರು, ಸಜ್ಜನರು, ಕೆಟ್ಟವರಾಗಿದ್ದರೆ ಈ ಕತೆ ಹೇಳುವುದು ನನಗೆ ಸುಲಭವಾಗುತ್ತಿತ್ತು. ಭೇಷ್ ಅಂದರು. ಒಂದು ಕುಲುಮೆಯವರು ಇಟ್ಟಿಗೆಗಾಗಿ ಲಾರಿ ಕಳಿಸಿ ಕಾಯುತ್ತಿದ್ದ ವಾರ ಅದು. ನಿನಗೆ ಖಾತ್ರಿಯಿದ್ದರೆ ಮೇಸ್ತ್ರಿಯ ಹತ್ತಿರ ಮಾತಾಡು, ಅವರು ಒಪ್ಪಿದರೆ ತೆಗೆಯಲಿ ಅಂದರು.

ನಾಲ್ಕನೆಯ ದಿನ ಬೆಳಗ್ಗೆ ಹನ್ನೊಂದು ಗಂಟೆ. ಹೊಗೆಗಂಡಿಯ ಹತ್ತಿರ ಗೂಡಿನೊಳಗೆ ಇಳಿಬಿಟ್ಟ ಉಷ್ಣಮಾಪಕದ ಸಂಖ್ಯೆ ನನ್ನ ಲೆಕ್ಕಕ್ಕೆ ಸರಿಯಾಗಿ ಇಳಿದಿತ್ತು. ಬಾಗಿಲು ಪೂರ್ತಿ ತೆಗೆಯಬಹುದು ಅಂದೆ. ಮೇಸ್ತ್ರಿ ಹಿಂಗೈ ಒತ್ತಿ ನೋಡಿ ತಲೆಯಾಡಿಸಿದರು. ಸುತ್ತ ಯಾರೂ ಇರಲಿಲ್ಲ, ಕನ್ನಡದಲ್ಲೇ ಹೇಳಿದರು.

"ನೀನ್ ಆಕಿರೋದು ಒಂದ್ ಇಟ್ಟಿಗೆ ಲೆಕ್ಕ ಅಮ್ಮಣ್ಣಿ. ವಳಗೆ ಅವು ಒಂದೊಂದಾಗಿ ಇಲ್ಲ, ಒತ್ಕೊಂಡು ಒಂದೇ ಮುದ್ದೆ ಆಗವೆ. ಮುದ್ದೆ ಮೇಲೆ ತಣ್ಣಗೈತೆ ಅಂತ ಗಬಕ್ಕನೆ ನುಂಗುದ್ರೆ ಗಂಟ್ಲು ಏನಾಯ್ತದೆ?"

ರಾಗಿ ಮುದ್ದೆ ಉಂಡು ಬೆಳೆದವಳು ನಾನು. ಗಂಟಲು ಸುಟ್ಟುಕೊಂಡು ಅತ್ತದ್ದೂ ಉಂಟು. ಅವರು ಹೇಳಿದ್ದು ಒಂದೇ ಕ್ಷಣದಲ್ಲಿ ಅರ್ಥವಾಯಿತು. ನಾನು ಒಂಟಿ ಇಟ್ಟಿಗೆಯ ದಪ್ಪ ಹಿಡಿದು ಲೆಕ್ಕ ಹಾಕಿದ್ದೆ, ಪೇರಿಸಿದ ಇಡೀ ಅಟ್ಟಿಯ ದಪ್ಪ ಹಿಡಿಯಬೇಕಿತ್ತು. ಉಷ್ಣಮಾಪಕ ಹೇಳುತ್ತಿದ್ದದ್ದು ಹೊಗೆಗಂಡಿಯ ಗಾಳಿಯ ಬಿಸಿಯನ್ನು, ಇಟ್ಟಿಗೆಯ ಹೊಟ್ಟೆಯದ್ದಲ್ಲ. ಅರ್ಥವಾಯಿತು, ಆದರೆ ಮ್ಯಾನೇಜರರಿಗೆ ಹೇಳಿಯಾಗಿತ್ತು. ವಾಪಸ್ಸು ಹೋಗಿ ನನ್ನ ಲೆಕ್ಕ ತಪ್ಪು ಸಾರ್ ಅನ್ನಬೇಕು, ಕ್ಯಾಂಟೀನಿನಲ್ಲಿ ಎಲ್ಲರೂ ನಗಬೇಕು. ಗೂಡಿನ ಹುಡುಗಿ ಸೋತಳು ಅನ್ನಬೇಕು. ನಾನು ಗಟ್ಟಿಯಾಗಿ, ತಮಿಳಿನಲ್ಲಿ, ಅಧಿಕಾರಿಯ ದನಿಯಲ್ಲಿ ಹೇಳಿದೆ. ಮೇಸ್ತ್ರಿ, ಇದು ನನ್ನ ಆರ್ಡರ್, ತೆಗೆಯಿರಿ.

ಅವರು ಗೋಡೆಯಿಂದ ಕೈ ತೆಗೆಯಲಿಲ್ಲ. ನೀವು ತೆಗೆಯದಿದ್ದರೆ ಬೇರೆಯವರಿಂದ ತೆಗೆಸುತ್ತೇನೆ ಅಂತಲೂ ಅಂದೆ. ಆ ಮಾತು ಆಡಬಾರದಿತ್ತು. ಬೇರೆಯವರ ಕೈಗೆ ಆ ಪಾಪ ಬೇಡ ಅಂತ ಅವರಿಗೆ ಅನ್ನಿಸಿರಬೇಕು, ಮುಂದೆ ಹೋಗಿ ಮೊದಲ ಇಟ್ಟಿಗೆ ಕಿತ್ತರು. ಆಮೇಲೆ ಆಳುಗಳು ಉಳಿದದ್ದನ್ನು ಕಿತ್ತರು. ಹೊರಗಿನ ಗಾಳಿ ಒಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಿಣ್, ಟಿಣ್ ಅಂತ ಸದ್ದು ಶುರುವಾಯಿತು, ಮೊದಲು ಒಂದೊಂದಾಗಿ, ಆಮೇಲೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಮೈಯ ಹೊರಗಡೆ ತಣ್ಣಗಾಗಿ ಕುಗ್ಗುತ್ತಿದ್ದ ಇಟ್ಟಿಗೆಯನ್ನು ಒಳಗಿನ ಬಿಸಿ ಕುಗ್ಗಲು ಬಿಡುತ್ತಿರಲಿಲ್ಲ. ಮೇಸ್ತ್ರಿ ಕಣ್ಣು ಮುಚ್ಚಿ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ.

ಎರಡು ದಿನ ಬಿಟ್ಟು ಇಟ್ಟಿಗೆ ಹೊರತೆಗೆದರು. ಮೇಸ್ತ್ರಿ ತಮ್ಮ ಪುಟ್ಟ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟುತ್ತಾ ಹೋದರು. ಒಳ್ಳೆಯ ಇಟ್ಟಿಗೆ ಗಂಟೆಯ ಹಾಗೆ ದನಿ ಕೊಡುತ್ತದೆ, ಬಿರುಕು ಬಿಟ್ಟದ್ದು ಮಡಕೆಯ ಚೂರಿನ ಹಾಗೆ. ಆ ದಿನ ಅಂಗಳದಲ್ಲಿ ಕೇಳಿದ್ದೆಲ್ಲ ಚೂರಿನ ದನಿಯೇ. ಲಾರಿ ಬರಿದಾಗಿ ಹೋಯಿತು.

ವಿಚಾರಣೆ ಮ್ಯಾನೇಜರರ ಕೋಣೆಯಲ್ಲಿ. ಹೊರಗಿನಿಂದ ಬಂದ ಇಬ್ಬರು ಹಿರಿಯ ಅಧಿಕಾರಿಗಳೂ ಕೂತಿದ್ದರು. ಮ್ಯಾನೇಜರರು ನನ್ನನ್ನು ಕೇಳಿದರು, ಮೇಸ್ತ್ರಿ ಒಪ್ಪಿದ್ದರೇ ಅಂತ. ನಾನು ಒಪ್ಪಿದ್ದರು ಅನ್ನಲಿಲ್ಲ, ಒಪ್ಪಿರಲಿಲ್ಲ ಅಂತಲೂ ಅನ್ನಲಿಲ್ಲ. ರಿಜಿಸ್ಟರ್ ನೋಡಿ ಸಾರ್ ಅಂದೆ. ರಿಜಿಸ್ಟರಿನಲ್ಲಿ ಬಾಗಿಲು ತೆಗೆದವರ ಕಾಲಮ್ಮಿನಲ್ಲಿ ಅವರ ಸಹಿ ಇತ್ತು. ಆಗ ಬಾಗಿಲ ಹತ್ತಿರ ನಿಂತಿದ್ದ ಮೇಸ್ತ್ರಿ ನನ್ನ ಕಡೆ ತಿರುಗಿದರು. ಅವರು ತಮಿಳಿನಲ್ಲಿ ಎಲ್ಲವನ್ನೂ ಹೇಳಬಹುದಿತ್ತು, ನಲವತ್ತು ವರ್ಷ ಸೇಲಮ್ಮಿನಲ್ಲಿ ಇದ್ದವರಿಗೆ ತಮಿಳು ಬರುವುದಿಲ್ಲವೇ. ಹೇಳಿದ್ದರೆ ಅದು ನನ್ನ ಮೇಲಿನ ದೂರಾಗುತ್ತಿತ್ತು. ಅವರು ಮೆತ್ತಗೆ, ಕನ್ನಡದಲ್ಲಿ, ನನಗೊಬ್ಬಳಿಗೇ ಹೇಳಿದರು.

"ಬಾಗ್ಲು ತೆಗಿ ಅಂದೋರು ಯಾರು ಅಂತ ನೀನೇ ಏಳ್ಬುಡು ಅಮ್ಮಣ್ಣಿ. ನಾನ್ ಏಳುದ್ರೆ ಚೆಂದಾಗಿರಾಕಿಲ್ಲ."

ನಾನಾಗಿ ಒಪ್ಪಿಕೊಂಡರೆ ನನ್ನ ಮರ್ಯಾದೆ ಉಳಿಯುತ್ತದೆ ಅಂತ ಅವರ ಲೆಕ್ಕ. ಮ್ಯಾನೇಜರರು ಹುಬ್ಬೇರಿಸಿ, "ಎನ್ನಮ್ಮಾ ಸೊಲ್ರಾರು?" ಅಂದರು. ಅವರು ಏನು ಹೇಳುತ್ತಿದ್ದಾರೆ ಅಂತ. ಎಲ್ಲರೂ ನನ್ನ ಮುಖ ನೋಡಿದರು.

"ತೆರಿಯಲೆ ಸಾರ್," ಅಂದೆ. "ಕನ್ನಡಮ್ ಪೋಲ ಇರುಕ್ಕು. ಎನಕ್ಕು ಪುರಿಯಲೆ."

ಗೊತ್ತಿಲ್ಲ ಸಾರ್, ಕನ್ನಡ ಇರಬೇಕು, ನನಗೆ ಅರ್ಥವಾಗಲಿಲ್ಲ. ಅಷ್ಟೇ ನಾನು ಹೇಳಿದ್ದು. ಒಂದೇ ಉಸಿರಿಗೆ ಅವರನ್ನೂ ನನ್ನ ಅವ್ವನನ್ನೂ ಇಲ್ಲ ಅಂದುಬಿಟ್ಟೆ. ಮೇಸ್ತ್ರಿ ನನ್ನನ್ನು ಒಂದು ಗಳಿಗೆ ನೋಡಿದರು. ಕೋಪ ಇರಲಿಲ್ಲ. ಇದ್ದಿದ್ದರೆ ನಾನು ಅದನ್ನು ಹಿಡಿದುಕೊಂಡು ಇಷ್ಟು ವರ್ಷ ಬದುಕಬಹುದಿತ್ತು. ಮಗು ಬಿದ್ದಾಗ ದೊಡ್ಡವರು ನೋಡುತ್ತಾರಲ್ಲ, ಹಾಗೆ ನೋಡಿದರು. ಆಮೇಲೆ ಮ್ಯಾನೇಜರರ ಕಡೆ ತಿರುಗಿ ಸ್ಪಷ್ಟ ತಮಿಳಿನಲ್ಲಿ, ಬಾಗಿಲು ನಾನೇ ತೆಗೆದೆ ಸಾರ್, ಅವಸರ ಮಾಡಿಬಿಟ್ಟೆ ಅಂದರು.

ವರದಿ ಬರೆಯುವ ಕೆಲಸ ನನಗೇ ಬಂತು. ಬರೆದೆ.

ಅವರನ್ನು ಕೆಲಸದಿಂದ ತೆಗೆಯಲಿಲ್ಲ, ಗೂಡಿನಿಂದ ತೆಗೆದರು. ನಿವೃತ್ತಿಯವರೆಗೂ ಗೇಟಿನ ಹತ್ತಿರ ಲಾರಿಗಳ ನಂಬರ್ ಬರೆದುಕೊಳ್ಳುವ ಕೆಲಸ. ಮುಂಚೆ ಸುತ್ತಲಿನ ಗೂಡುಗಳವರು ಏನಾದರೂ ತೊಡಕು ಬಂದರೆ ಅವರನ್ನು ಕರೆದುಕೊಂಡು ಹೋಗಿ ಗೋಡೆ ಮುಟ್ಟಿಸುತ್ತಿದ್ದರು. ಅದು ನಿಂತುಹೋಯಿತು. ಅವಸರದ ಮೇಸ್ತ್ರಿ ಅಂತ ಹೆಸರಾಯಿತು, ಕಾಫಿ ಆರುವುದಕ್ಕೆ ಕಾಯುತ್ತಿದ್ದ ಮನುಷ್ಯನಿಗೆ. ನಾನು ಗೇಟು ದಾಟುವಾಗ ಅವರು ಎದ್ದು ನಿಂತು ವಣಕ್ಕಂ ಮೇಡಂ ಅನ್ನುತ್ತಿದ್ದರು. ಸುತ್ತ ಯಾರೂ ಇಲ್ಲದಿದ್ದಾಗಲೂ ತಮಿಳೇ. ಅಮ್ಮಣ್ಣಿ ಅನ್ನುವುದನ್ನು ನಿಲ್ಲಿಸಿದರು. ನಾನು ಎಷ್ಟೋ ಬೆಳಗ್ಗೆ ಹಿಂದಿನ ಗೇಟಿನಿಂದ ಒಳಗೆ ಹೋಗಿದ್ದೇನೆ.

ಇನ್ನೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಅಟ್ಟಿಯ ದಪ್ಪ ಹಿಡಿದು ಲೆಕ್ಕ ಸರಿಮಾಡಿದೆ. ಏಳು ದಿನ ಅಂತ ಬಂತು. ಮೇಲಿನ ವರಸೆ ಮೊದಲು, ಆಮೇಲೆ ಎರಡು ಅನ್ನುವ ಅವರ ಕ್ರಮವನ್ನೇ ಗ್ರಾಫ್ ಮಾಡಿ ಒಂದು ಸಭೆಯಲ್ಲಿ ಓದಿದೆ. ಚಪ್ಪಾಳೆ ಬಂತು, ಬಡ್ತಿಯೂ ಬಂತು. ಈಗ ಹೊಸೂರಿನ ಬೇರೊಂದು ಕಂಪನಿಯಲ್ಲಿ ಇದ್ದೇನೆ, ಅಲ್ಲಿಯ ಹೊಸಬರಿಗೆ ಬಿಸಿ ನಡೆದುಕೊಂಡು ಬರುತ್ತದೆ ಅಂತ ಪಾಠ ಮಾಡುತ್ತೇನೆ. ಯಾರ ಮಾತು ಅಂತ ಹೇಳುವುದಿಲ್ಲ.

ಸುದ್ದಿ ಬಂದ ವಾರದ ಭಾನುವಾರ ಕಾರಿಮಂಗಲಕ್ಕೆ ಬಸ್ಸು ಹತ್ತಿದೆ. ಅವರ ಹೆಂಡತಿಗೆ ನಿಜ ಹೇಳಿಬಿಡಬೇಕು, ಕನ್ನಡದಲ್ಲೇ ಹೇಳಬೇಕು ಅಂತ ನಿಶ್ಚಯ ಮಾಡಿಕೊಂಡಿದ್ದೆ. ಬಾಗಿಲು ತೆಗೆ ಅಂದವಳು ನಾನು. ನಾಲ್ಕು ಪದ. ಕೃಷ್ಣಗಿರಿ ದಾಟುವವರೆಗೂ ಬಾಯೊಳಗೇ ಹೇಳಿಕೊಂಡೆ, ಪಕ್ಕದ ಸೀಟಿನವರು ಜಪ ಮಾಡುತ್ತಿದ್ದೇನೆ ಅಂದುಕೊಂಡು ಕಾಲು ಸರಿಸಿ ಜಾಗ ಬಿಟ್ಟರು. ಕಾರಿಮಂಗಲದಿಂದ ಷೇರ್ ಆಟೋದಲ್ಲಿ ಹಳ್ಳಿ ತಲುಪಿದೆ.

ಹಂಚಿನ ಮನೆ. ಒಳಗೆ ನಿಜವಾಗಿಯೂ ತಂಪಾಗಿತ್ತು. ಅವರ ಹೆಂಡತಿ ಗೋಡೆಗೊರಗಿ ಕೂತಿದ್ದರು, ಮದುವೆಯಾಗಿ ಪಕ್ಕದ ಊರಿನಲ್ಲಿರುವ ಮಗಳು ಒಲೆಯ ಹತ್ತಿರ. ನಾನು ಹೆಸರು ಹೇಳಿದೆ, ಕಾರ್ಖಾನೆಯವಳು ಅಂದೆ. ಮಗಳ ಕೈ ನಿಂತಿತು. ಅವಳು ತಮಿಳಿನಲ್ಲಿ, ಆ ರಿಪೋರ್ಟ್ ಬರೆದವರು ನೀವೇನಾ ಅಂತ ಕೇಳಿದಳು. ಹೌದು ಅಂದೆ. ಅವಳು ಮುಖ ತಿರುಗಿಸಿಕೊಂಡಳು.

ತಾಯಿ ನನ್ನ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದರು. ನನ್ನ ಜೊತೆ ತಮಿಳಿನಲ್ಲಿ ಮಾತಾಡಲು ಹೆಣಗುತ್ತಿದ್ದರು. ಹಳ್ಳಿ ಬಿಟ್ಟು ಹೋಗದ ಮುದುಕಿಗೆ ಅದು ಪೂರ್ತಿ ಒಗ್ಗಿರಲಿಲ್ಲ. ಒಂದೊಂದು ಪದಕ್ಕೂ ತಡಕಾಡಿ, ಸಿಗದಿದ್ದಾಗ ನಡುವೆ ಕನ್ನಡ ಇಟ್ಟು, ತಪ್ಪಾಯಿತೆಂಬಂತೆ ನಗುತ್ತಿದ್ದರು. "ಬಿಸ್ಲುಲ ವಂದಿರುಕ್ಕೆ, ತಣ್ಣಿ ಕುಡಿಮ್ಮಾ," ಅಂದರು. ಬಿಸಿಲಿನಲ್ಲಿ ಬಂದಿದ್ದೀಯ, ನೀರು ಕುಡಿ. ಇವರು ಯಾಕೆ ಇಷ್ಟು ಕಷ್ಟಪಡುತ್ತಿದ್ದಾರೆ ಅಂತ ನನಗೆ ಹೊಳೆಯಲಿಲ್ಲ. ಆಗ ಅವರು ಮಗಳ ಕಡೆ ತಿರುಗಿ, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ, ಸರಾಗವಾದ ಕನ್ನಡದಲ್ಲಿ ಗದರಿದರು.

"ಮಕ ತಿರುಗಿಸ್ಬ್ಯಾಡ ಕಣೆ. ಪಾಪ, ಈ ಮಗೀಗೆ ನಮ್ ಮಾತು ಬರಾಕಿಲ್ಲ. ಬಂದಿದ್ರೆ ಅವತ್ತೇ ಎದ್ ನಿಂತು ನಿಜ ಏಳ್ಬುಡ್ತಿತ್ತು ಅಂತ ನಿಮ್ಮಪ್ಪ ಎಷ್ಟ್ ಕಿತ ಏಳವ್ರೆ."

ಮೇಸ್ತ್ರಿ ಮನೆಯಲ್ಲಿ ಸುಳ್ಳು ಹೇಳಿದ್ದರು, ನನಗೆ ಕನ್ನಡ ಬರುವುದಿಲ್ಲ ಅಂತ. ಸಾಯುವವರೆಗೂ, ಹೆಂಡತಿಯ ಹತ್ತಿರವೂ, ನನ್ನ ಮಾನ ಕಾಯ್ದಿದ್ದರು. ಮಗಳು ಎದ್ದು ಹೋಗಿ ಒಂದು ಲೋಟ ಕಾಫಿ ತಂದು ನನ್ನ ಮುಂದಿಟ್ಟಳು. ಆ ನಾಲ್ಕು ಪದ ನನ್ನ ನಾಲಿಗೆಯ ಮೇಲಿದ್ದವು. ಅವನ್ನು ಈಗ ಕನ್ನಡದಲ್ಲಿ ಆಡಿದರೆ ನನ್ನ ಜೊತೆ ಅವರ ಸುಳ್ಳೂ ಹೊರಬೀಳುತ್ತದೆ ಅಂತ ಒಂದು ನೆಪ ಸಿಕ್ಕಿತು. ಒಳ್ಳೆಯ ನೆಪ. ಆದರೆ ನಿಜ ಅದಲ್ಲ. ನನಗೆ ಧೈರ್ಯ ಬರಲಿಲ್ಲ. ಕಾಫಿ ಕುಡಿದು, ಮುದುಕಿಯ ಕಾಲು ಮುಟ್ಟಿ, "ಪೋಯ್ಟು ವರೇಮ್ಮಾ", ಹೋಗಿ ಬರುತ್ತೇನೆ ಅಂತ ಅಚ್ಚ ತಮಿಳಿನಲ್ಲಿ ಹೇಳಿ ಎದ್ದು ಬಂದೆ. ಅವರು ಬಾಗಿಲವರೆಗೂ ಬಂದು ತಲೆ ಸವರಿದರು.

ಕನ್ನಡ ಅಕ್ಷರ ನನಗೆ ಕಲಿಸಿದ್ದು ಅವ್ವ. ಅವಳು ಆನೇಕಲ್ ಕಡೆಯಿಂದ ಮದುವೆಯಾಗಿ ಬಂದವಳು, ಏಳನೆಯ ಕ್ಲಾಸಿನವರೆಗೆ ಕನ್ನಡ ಓದಿದವಳು. ನಮ್ಮ ಕಡೆ ಈ ಅಕ್ಷರ ಓದಬಲ್ಲವರು ತೀರ ಕಡಿಮೆ, ಮೇಸ್ತ್ರಿಯ ಮನೆಯಲ್ಲಿ ಒಬ್ಬರೂ ಇಲ್ಲ. ನಾನು ಕನ್ನಡಕ್ಕಿಂತ ತಮಿಳನ್ನೇ ಚೆನ್ನಾಗಿ ಬರೆಯುತ್ತೇನೆ. ತಮಿಳಿನಲ್ಲಿ ಬರೆದಿದ್ದರೆ ಆ ಮಗಳು ಇದನ್ನು ಓದಬಹುದಿತ್ತು. ನಾನು ಕನ್ನಡದಲ್ಲಿ ಬರೆದಿದ್ದೇನೆ.